ತಾಯಿ ಹೊಲಕ್ಕೆ ಹೋದಾಗ ಕೂಸು ಯಾರ ಕೈಯಲ್ಲಿ?

ಅಜ್ಜಂಪುರದ ಸುತ್ತಮುತ್ತ ಮುಂಗಾರಿನ ಈರುಳ್ಳಿಗೆ ಕಳೆ ಎದ್ದಿತೆಂದರೆ ಹಳ್ಳಿಯ ಹೆಂಗಸರಲ್ಲಿ ಬಹುಮಂದಿ ಬೆಳಗಾಗುತ್ತಲೇ ಹೊಲದ ಹಾದಿ ಹಿಡಿಯುವರು. ಕಳೆ ತೆಗೆಯುವುದು, ಗಡ್ಡೆ ಕೀಳುವುದು, ಒಣಗಿದ ಮೇಲೆ ಕತ್ತರಿಸಿ ಹಸನು ಮಾಡುವುದು, ಇವೆಲ್ಲವೂ ಬಹುಮಟ್ಟಿಗೆ ಅವರ ಕೈಯಿಂದಲೇ ಆಗತಕ್ಕ ಕೆಲಸಗಳು. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ಸ್ವತಂತ್ರ ತಾಲ್ಲೂಕಾಗಿರುವ ಈ ಸೀಮೆಯಲ್ಲಿ ಈರುಳ್ಳಿ ಮುಗಿದರೆ ರಾಗಿ, ರಾಗಿ ಮುಗಿದರೆ ಅಡಿಕೆ ಸುಲಿತ, ಹೀಗೆ ಕೂಲಿಯ ಕಾಲ ಮುಂದುವರಿಯುತ್ತದೆ. ಪೇಟೆಯಲ್ಲಿ ಶಾಲೆ, ಬ್ಯಾಂಕು, ಆಸ್ಪತ್ರೆಗಳಲ್ಲಿ ದುಡಿಯುವ ತಾಯಂದಿರೂ ಉಂಟು. ದುಡಿಮೆ ಬೇರೆ ಬೇರೆಯಾದರೂ ಇವರೆಲ್ಲರ ಮುಂದಿರುವ ಪ್ರಶ್ನೆ ಒಂದೇ: ಮನೆಯಲ್ಲಿ ವರ್ಷ ತುಂಬದ ಕೂಸೊಂದಿದ್ದರೆ ಅದನ್ನು ಯಾರ ಕೈಯಲ್ಲಿ ಬಿಟ್ಟು ಹೋಗುವುದು?

ಅಜ್ಜಿ ಗಟ್ಟಿಯಾಗಿದ್ದರೆ ಅಜ್ಜಿಯ ಕೈಯಲ್ಲಿ. ಇಲ್ಲವಾದರೆ ಹತ್ತು ಹನ್ನೆರಡು ವಯಸ್ಸಿನ ಅಕ್ಕನ ಕೈಯಲ್ಲಿ. ಅದೂ ಇಲ್ಲವಾದರೆ ಕೂಸನ್ನು ಸೊಂಟಕ್ಕೇರಿಸಿಕೊಂಡು ಹೋಗಿ ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟುವುದು. ಇವು ಬಹುಕಾಲದಿಂದ ನಡೆದು ಬಂದ ದಾರಿಗಳು. ಈಚೆಗೆ ಇವುಗಳ ಜೊತೆಗೆ ಶಿಶುಪಾಲನಾ ಕೇಂದ್ರವೆಂಬ ಇನ್ನೊಂದು ದಾರಿಯೂ ಸೇರಿದೆ. ಇವುಗಳಲ್ಲಿ ಯಾವುದು ಒಳ್ಳೆಯದು ಎಂಬುದನ್ನು ಆಯಾ ಮನೆಯ ವಿಚಾರವೆಂದು ತಳ್ಳಿಬಿಡುವುದು ವಾಡಿಕೆ. ಆದರೆ ಹಸುಗೂಸಿಗೆ ಏನು ಬೇಕು ಎಂಬುದನ್ನು ಕುರಿತು ಜೀವವಿಜ್ಞಾನ, ಮನೋವಿಜ್ಞಾನ, ಆರೋಗ್ಯಶಾಸ್ತ್ರಗಳು ಕಳೆದ ಎಂಟು ದಶಕಗಳಲ್ಲಿ ಸಾಕಷ್ಟು ತಿಳಿವಳಿಕೆಯನ್ನು ಕೂಡಿಹಾಕಿವೆ. ಅದನ್ನು ಇಲ್ಲಿ ಪರಿಶೀಲಿಸೋಣ.

ಕರು ಮತ್ತು ಕೂಸು

ಅಜ್ಜಂಪುರದ ಹೆಸರು ಕೇಳಿದೊಡನೆ ನೆನಪಿಗೆ ಬರುವುದು ಅಲ್ಲಿಯ ಅಮೃತಮಹಲ್ ತಳಿಯ ರಾಸುಗಳ ಸಂವರ್ಧನ ಕೇಂದ್ರ. ನಮ್ಮ ವಿಷಯವನ್ನು ಅಲ್ಲಿಂದಲೇ ಆರಂಭಿಸಬಹುದು. ಬಯಲಿನಲ್ಲಿ ಈಯುವ ಹಸುವಿನ ಕರು ಹುಟ್ಟಿದ ಮೊದಲ ಕೆಲವು ದಿನ ಹುಲ್ಲು ಪೊದೆಗಳ ಮರೆಯಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ತಾಯಿ ದೂರ ಹೋಗಿ ಮೇದು, ಆಗೊಮ್ಮೆ ಈಗೊಮ್ಮೆ ಬಂದು ಹಾಲೂಡಿಸಿ ಹೋಗುತ್ತದೆ. ಮೊಲದ ವಿಷಯದಲ್ಲಿ ಇದು ಇನ್ನೂ ವಿಚಿತ್ರ: ತಾಯಿ ದಿನಕ್ಕೆ ಒಂದೇ ಸಲ ಗೂಡಿಗೆ ಬಂದು ಕೆಲವು ನಿಮಿಷಗಳಲ್ಲಿ ಹಾಲೂಡಿಸಿ ಹೊರಟುಬಿಡುತ್ತದೆ. ಮರಿಗಳನ್ನು ಹೀಗೆ ಬಹಳ ಹೊತ್ತು ಬಿಟ್ಟು ಹೋಗುವ ಪ್ರಾಣಿಗಳ ಹಾಲು ಗಟ್ಟಿ. ಮೊಲದ ಹಾಲಿನಲ್ಲಿ ಸಸಾರಜನಕದ ಅಂಶ ನೂರಕ್ಕೆ ಹತ್ತಕ್ಕಿಂತ ಹೆಚ್ಚು. ಹಸುವಿನ ಹಾಲಿನಲ್ಲಿ ಸುಮಾರು 3.3, ಮನುಷ್ಯರ ಹಾಲಿನಲ್ಲಾದರೋ ಹೆಚ್ಚು ಕಡಮೆ 1 ಮಾತ್ರ. ಇಷ್ಟು ತೆಳುವಾದ ಹಾಲನ್ನು ಕುಡಿಯುವ ಮರಿಗೆ ಪದೇ ಪದೇ ಹಾಲೂಡಿಸಬೇಕಾಗುತ್ತದೆ. ಅಂತಹ ಮರಿಯನ್ನು ಬಚ್ಚಿಟ್ಟು ಹೋಗುವಂತಿಲ್ಲ, ಎತ್ತಿಕೊಂಡೇ ತಿರುಗಬೇಕು. ಮಂಗ, ಚಿಂಪಾಂಜಿಗಳು ಮಾಡುವುದು ಇದನ್ನೇ. ಮನುಷ್ಯನೂ ಇದೇ ಗುಂಪಿಗೆ ಸೇರಿದವನೆಂದು ನಿಕೊಲಸ್ ಬ್ಲರ್ಟನ್ ಜೋನ್ಸ್ ಎಂಬ ವಿಜ್ಞಾನಿ 1972ರಲ್ಲಿ ಈ ಬಗೆಯ ಹೋಲಿಕೆಯಿಂದ ತೋರಿಸಿಕೊಟ್ಟರು.

ಆದರೆ ಮನುಷ್ಯಶಿಶುವಿಗೂ ಮಂಗನ ಮರಿಗೂ ದೊಡ್ಡದೊಂದು ಅಂತರವಿದೆ. ಮಂಗನ ಮರಿ ತಾಯಿಯ ರೋಮವನ್ನು ಬಿಗಿಯಾಗಿ ಹಿಡಿದು ತಾನೇ ಜೋತುಬೀಳಬಲ್ಲದು. ನಮ್ಮ ಕೂಸಿಗೆ ಆ ಶಕ್ತಿಯಿಲ್ಲ. ಹುಟ್ಟುವಾಗ ಅದರ ಮಿದುಳು ವಯಸ್ಕರ ಮಿದುಳಿನ ಮೂರನೆಯ ಒಂದು ಪಾಲಿನಷ್ಟೂ ಇರುವುದಿಲ್ಲ. ಉಳಿದ ಬೆಳವಣಿಗೆಯ ಬಹುಭಾಗ ನಡೆಯುವುದು ಮೊದಲ ಎರಡು ವರ್ಷಗಳಲ್ಲಿ. ಇಷ್ಟು ಅಸಹಾಯವಾದ ಮರಿಯನ್ನು ಒಬ್ಬಳೇ ತಾಯಿ ಹೊತ್ತು, ಊಡಿಸಿ, ತನ್ನ ಆಹಾರವನ್ನೂ ತಾನೇ ಸಂಪಾದಿಸುವುದು ಅಸಾಧ್ಯವೆಂದೂ, ಆದಕಾರಣ ಮನುಷ್ಯಕುಲ ಮೊದಲಿನಿಂದಲೂ ಅಜ್ಜಿ, ಅಕ್ಕ, ಚಿಕ್ಕಮ್ಮ, ತಂದೆ ಮುಂತಾದ ಹಲವರ ಕೈಗಳನ್ನು ನೆಚ್ಚಿಯೇ ಬೆಳೆದು ಬಂದಿತೆಂದೂ ಮಾನವಶಾಸ್ತ್ರಜ್ಞೆ ಸಾರಾ ಹರ್ಡಿಯವರು 2009ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ವಾದಿಸಿದ್ದಾರೆ. ಚಿಂಪಾಂಜಿಯ ತಾಯಿ ಮೊದಲ ತಿಂಗಳುಗಳಲ್ಲಿ ಮರಿಯನ್ನು ಇನ್ನೊಬ್ಬರು ಮುಟ್ಟಗೊಡುವುದಿಲ್ಲ. ಮನುಷ್ಯರ ತಾಯಿಯಾದರೋ ಹುಟ್ಟಿದ ದಿನವೇ ಕೂಸನ್ನು ಅಜ್ಜಿಯ ಕೈಗೆ ಕೊಡುತ್ತಾಳೆ. ಕೂಸನ್ನು ಬೇರೆಯವರ ಕೈಯಲ್ಲಿ ಬಿಟ್ಟು ಹೋಗುವುದೇ ಅಸ್ವಾಭಾವಿಕವೆನ್ನುವವರು ಈ ಸಂಗತಿಯನ್ನು ಗಮನಿಸಬೇಕು. ಕೂಸಿಗೆ ಕೈ ಬೇಕು. ಆ ಕೈ ತಾಯಿಯದೇ ಆಗಿರಬೇಕೆಂಬ ನಿಯಮವನ್ನು ಪ್ರಕೃತಿ ವಿಧಿಸಿಲ್ಲ.

ಮಮತೆಯ ಬಂಧ

ಹಾಗಾದರೆ ಯಾರ ಕೈಯಾದರೂ ಆದೀತೇ? ಇಲ್ಲ. 1945ರಲ್ಲಿ ರೆನೆ ಸ್ಪಿಟ್ಸ್ ಎಂಬ ವೈದ್ಯರು ಎರಡು ಸಂಸ್ಥೆಗಳ ಶಿಶುಗಳನ್ನು ಹೋಲಿಸಿ ಒಂದು ಲೇಖನವನ್ನು ಪ್ರಕಟಿಸಿದರು. ಒಂದು ಸಂಸ್ಥೆ ಸೆರೆಮನೆಗೆ ಸೇರಿದ್ದು. ಅಲ್ಲಿ ಕೈದಿಗಳಾದ ತಾಯಂದಿರೇ ತಮ್ಮ ಶಿಶುಗಳನ್ನು ನೋಡಿಕೊಳ್ಳುತ್ತಿದ್ದರು. ಇನ್ನೊಂದು ಚೊಕ್ಕಟವಾದ ಅನಾಥ ಶಿಶುಗೃಹ. ಅಲ್ಲಿ ಆಹಾರಕ್ಕಾಗಲಿ ವೈದ್ಯಕೀಯಕ್ಕಾಗಲಿ ಕೊರತೆಯಿರಲಿಲ್ಲ, ಆದರೆ ಒಬ್ಬ ದಾದಿಗೆ ಸುಮಾರು 8 ಶಿಶುಗಳಿದ್ದವು. ಸೆರೆಮನೆಯ ಮಕ್ಕಳು ಸರಿಯಾಗಿ ಬೆಳೆದರೆ, ಚೊಕ್ಕಟವಾದ ಶಿಶುಗೃಹದ ಮಕ್ಕಳು ಮಾತು ನಡಿಗೆಗಳಲ್ಲಿ ಹಿಂದೆ ಬಿದ್ದವು, ಪದೇ ಪದೇ ರೋಗಕ್ಕೆ ತುತ್ತಾದವು; ಹಲವು ಸತ್ತೂಹೋದವು. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಜಾನ್ ಬೌಲ್ಬಿ ಬರೆದ ವರದಿ ಈ ಬಗೆಯ ಅವಲೋಕನಗಳನ್ನು ಒಟ್ಟುಗೂಡಿಸಿತು. ಮೊದಲ ವರ್ಷಗಳಲ್ಲಿ ಶಿಶು ತನ್ನನ್ನು ನೋಡಿಕೊಳ್ಳುವ ಕೆಲವೇ ವ್ಯಕ್ತಿಗಳೊಡನೆ ಬಲವಾದ ಮಮತೆಯ ಬಂಧವನ್ನು ಬೆಳೆಸಿಕೊಳ್ಳುತ್ತದೆ. ಅದು ಒಡೆದರೆ ಅಥವಾ ಬೆಳೆಯಲು ಅವಕಾಶವೇ ಇಲ್ಲದಿದ್ದರೆ ಹಾನಿ ತಪ್ಪದು ಎಂಬುದು ಬೌಲ್ಬಿಯವರ ಸಿದ್ಧಾಂತ.

ಈ ಸಿದ್ಧಾಂತವನ್ನು ಹಿಡಿದು ಎಷ್ಟೋ ಮಂದಿ ಹಗಲಿನಲ್ಲಿ ದುಡಿಯಲು ಹೋಗುವ ತಾಯಂದಿರನ್ನೆಲ್ಲ ನಿಂದಿಸಿದರು. ಇದು ಸರಿಯಾದ ತರ್ಕವಲ್ಲ. ಅನಾಥಾಲಯದ ಶಿಶುವಿಗೆ ಸಂಜೆ ಮರಳಿ ಬರುವ ತಾಯಿಯಿರಲಿಲ್ಲ. ಕೂಲಿಗೆ ಹೋದ ತಾಯಿಯ ಕೂಸಿಗೆ ಇದ್ದಾಳೆ. ಎರಡನ್ನೂ ಬೇರ್ಪಡಿಸಿ ನೋಡಬೇಕಾದರೆ ಬೇರೆಯೇ ಪರೀಕ್ಷೆ ಬೇಕು. ಅಮೆರಿಕದಲ್ಲಿ 1991ರಿಂದ ಹತ್ತು ಸ್ಥಳಗಳಲ್ಲಿ 1,300ಕ್ಕೂ ಮೇಲ್ಪಟ್ಟ ಶಿಶುಗಳನ್ನು ಹುಟ್ಟಿನಿಂದ ಅನುಸರಿಸಿ ಅಂತಹ ಅಧ್ಯಯನವನ್ನು ನಡೆಸಲಾಯಿತು. ಮಕ್ಕಳು 15 ತಿಂಗಳಿನವಾದಾಗ ನೋಡಿದರೆ, ತಾಯಿಯೊಡನೆ ಅವುಗಳಿಗಿದ್ದ ಬಂಧದ ಭದ್ರತೆಗೂ ಅವುಗಳನ್ನು ಬೇರೆಯವರ ಪಾಲನೆಯಲ್ಲಿ ಬಿಟ್ಟಿದ್ದರು ಎಂಬುದಕ್ಕೂ ನೇರವಾದ ಸಂಬಂಧ ಕಾಣಲಿಲ್ಲ. ತಾಯಿ ಮಗುವಿನ ಸೂಚನೆಗಳಿಗೆ ಎಷ್ಟು ಸೂಕ್ಷ್ಮವಾಗಿ ಓಗೊಡುತ್ತಿದ್ದಳು ಎಂಬುದೇ ಮುಖ್ಯವಾಗಿತ್ತು. ಮನೆಯಲ್ಲಿ ಇದು ಕಡಮೆಯಿದ್ದು ಹೊರಗಿನ ಪಾಲನೆಯೂ ಕಳಪೆಯಾಗಿದ್ದರೆ ಮಾತ್ರ ಬಂಧ ಸಡಿಲವಾಗುವ ಸಂಭವ ಹೆಚ್ಚಿತು. ಒಳ್ಳೆಯ ಪಾಲನೆ ದೊರೆತ ಮಕ್ಕಳ ಮಾತು ಸ್ವಲ್ಪ ಮುಂದೆ. ದೊಡ್ಡ ಕೇಂದ್ರಗಳಲ್ಲಿ ಬಹಳ ಹೊತ್ತು ಕಳೆದ ಮಕ್ಕಳಲ್ಲಿ ಹಟ ಜಗಳಗಳು ಸ್ವಲ್ಪ ಹೆಚ್ಚು. ಎರಡು ಪರಿಣಾಮಗಳೂ ಸಣ್ಣವೇ.

ಇಸ್ರೇಲಿನ ಸಾಮೂಹಿಕ ಗ್ರಾಮಗಳಾದ ಕಿಬ್ಬುಟ್ಸ್‌ಗಳು ಇನ್ನೂ ತೀಕ್ಷ್ಣವಾದ ಪರೀಕ್ಷೆಯೊಂದನ್ನು ತಾವಾಗಿಯೇ ಒದಗಿಸಿದುವು. ಹಗಲಿನ ಪಾಲನೆ ಎಲ್ಲ ಕಡೆಯೂ ಒಂದೇ ತರಹ. ಆದರೆ ಕೆಲವು ಗ್ರಾಮಗಳಲ್ಲಿ ಮಕ್ಕಳು ರಾತ್ರಿ ಮನೆಗೆ ಬಂದು ಮಲಗುತ್ತಿದ್ದವು, ಬೇರೆ ಕೆಲವುಗಳಲ್ಲಿ ಸಾಮೂಹಿಕ ಶಿಶುಗೃಹದಲ್ಲಿಯೇ ಮಲಗುತ್ತಿದ್ದವು. 1994ರಲ್ಲಿ ಪ್ರಕಟವಾದ ಅಬ್ರಹಾಂ ಸಾಗಿ ಮತ್ತು ಸಂಗಡಿಗರ ವರದಿಯಂತೆ ಮನೆಯಲ್ಲಿ ಮಲಗುತ್ತಿದ್ದ ಶಿಶುಗಳಲ್ಲಿ ನೂರಕ್ಕೆ 80, ಶಿಶುಗೃಹದಲ್ಲಿ ಮಲಗುತ್ತಿದ್ದವುಗಳಲ್ಲಿ ನೂರಕ್ಕೆ 48 ಮಾತ್ರ ತಾಯಿಯೊಡನೆ ಭದ್ರವಾದ ಬಂಧವನ್ನು ಹೊಂದಿದ್ದವು. ಶಿಶುಗೃಹದಲ್ಲಿ ರಾತ್ರಿ ಅತ್ತರೆ ಓಡಿಬರುತ್ತಿದ್ದವರು ಸರದಿಯ ಕಾವಲಿನವರು, ಕೂಸಿಗೆ ಗುರುತಿಲ್ಲದವರು. ಹಗಲಿನ ಅಗಲಿಕೆಯನ್ನು ಕೂಸು ತಡೆದುಕೊಳ್ಳಬಲ್ಲದು. ಕತ್ತಲಲ್ಲಿ ಪರಿಚಿತ ಮುಖ ಕಾಣದಿರುವುದನ್ನು ತಡೆದುಕೊಳ್ಳಲಾರದು.

ಒಬ್ಬ ಆಯಾ, ಎಷ್ಟು ಕೂಸುಗಳು?

ಓಗೊಡುವುದು ಎಂದರೇನೆಂಬುದನ್ನು ಎಡ್ವರ್ಡ್ ಟ್ರೋನಿಕ್ 1970ರ ದಶಕದಲ್ಲಿ ಸರಳವಾದ ಪ್ರಯೋಗದಿಂದ ತೋರಿಸಿದರು. ಕೆಲವು ತಿಂಗಳ ಕೂಸಿನೊಡನೆ ನಗುತ್ತ ಮಾತನಾಡುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಒಂದೆರಡು ನಿಮಿಷ ಮುಖವನ್ನು ಕಲ್ಲಿನಂತೆ ಇಟ್ಟುಕೊಳ್ಳಬೇಕು. ಕೂಸು ಮೊದಲು ನಕ್ಕು, ಕೇಕೆ ಹಾಕಿ, ಕೈಚಾಚಿ ಆಕೆಯನ್ನು ಕರೆಯುತ್ತದೆ. ಉತ್ತರ ಬಾರದಿದ್ದರೆ ಮುಖ ತಿರುಗಿಸಿ ಕುಗ್ಗಿಹೋಗುತ್ತದೆ. ತಾಯಿ ಎದುರಿಗೇ ಇದ್ದಾಳೆ, ಆದರೂ ಕೂಸಿನ ಪಾಲಿಗೆ ಇಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಸಣ್ಣದೊಂದು ಲೆಕ್ಕ ಮಾಡೋಣ. ವರ್ಷದೊಳಗಿನ ಕೂಸಿಗೆ ಎಂಟು ಗಂಟೆಯ ಹಗಲಿನಲ್ಲಿ ನಾಲ್ಕು ಸಲ ಉಣಿಸಬೇಕೆಂದೂ ಒಂದೊಂದು ಸಲಕ್ಕೆ 15 ನಿಮಿಷ ಬೇಕೆಂದೂ ಇಟ್ಟುಕೊಳ್ಳಿ. ಅಲ್ಲಿಗೆ ಒಂದು ಗಂಟೆ. ಆರು ಸಲ ತೊಳೆದು ಬಟ್ಟೆ ಬದಲಿಸಲು ಐದೈದು ನಿಮಿಷದಂತೆ ಅರ್ಧ ಗಂಟೆ. ಒಂದು ಕೂಸಿಗೆ ಒಂದೂವರೆ ಗಂಟೆಯಾದರೆ ಐದು ಕೂಸುಗಳಿಗೆ ಏಳೂವರೆ ಗಂಟೆ. ಎಂದರೆ ಐದು ಕೂಸುಗಳನ್ನು ನೋಡಿಕೊಳ್ಳುವ ಆಯಾಗೆ ಅವುಗಳಲ್ಲಿ ಯಾವುದನ್ನೂ ಸುಮ್ಮನೆ ಎತ್ತಿಕೊಂಡು ಮಾತನಾಡಿಸಲು ಇಡೀ ದಿನದಲ್ಲಿ ಅರ್ಧ ಗಂಟೆಯೂ ಸರಿಯಾಗಿ ದೊರೆಯದು. ಹತ್ತು ಕೂಸುಗಳಾದರೆ ಹದಿನೈದು ಗಂಟೆ ಬೇಕು; ದಿನದಲ್ಲಿರುವುದು ಎಂಟೇ. ಹಾಗಾದಾಗ ಕೂಸುಗಳು ಒದ್ದೆಯಲ್ಲಿ ಮಲಗಿರುವುದಕ್ಕೆ ಆಯಾಳ ಕ್ರೌರ್ಯ ಕಾರಣವಲ್ಲ, ಗಣಿತ ಕಾರಣ. ಅಮೆರಿಕದ ಮಕ್ಕಳ ವೈದ್ಯರ ಸಂಘ ವರ್ಷದೊಳಗಿನ ಮೂರು ಶಿಶುಗಳಿಗೆ ಒಬ್ಬರಂತೆ ಇರಬೇಕೆಂದು ಹೇಳುತ್ತದೆ. ನಮ್ಮ ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಕನಿಷ್ಠ ಮಾರ್ಗಸೂಚಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರೆಂದು ಗೊತ್ತುಮಾಡಿತು, ಜೊತೆಗೆ ಸಹಾಯಕಿ. ಎರಡೂವರೆ ವರ್ಷದ ಮಕ್ಕಳಿಗೆ ಇದು ಹೇಗೋ ನಡೆದೀತು. ಎಂಟು ತಿಂಗಳ ಕೂಸುಗಳಿಗೆ ಸಾಲದೆಂಬುದು ಮೇಲಿನ ಲೆಕ್ಕದಿಂದ ಸ್ಪಷ್ಟ. ಸ್ಪಿಟ್ಸ್ ಕಂಡ ಶಿಶುಗೃಹದಲ್ಲಿಯೂ ಒಬ್ಬ ದಾದಿಗೆ 8 ಕೂಸುಗಳಿದ್ದುದನ್ನು ಮರೆಯಬಾರದು.

ಕೂಸಿನ ದೇಹವೂ ಇದಕ್ಕೆ ಸಾಕ್ಷಿ ಹೇಳುತ್ತದೆ. ಕಾರ್ಟಿಸಾಲ್ ಎಂಬ ಹಾರ್ಮೋನು ಬೆಳಿಗ್ಗೆ ಹೆಚ್ಚಿದ್ದು ಸಂಜೆಯ ಹೊತ್ತಿಗೆ ಇಳಿಯುವುದು ಸಹಜಕ್ರಮ. ದಿನವಿಡೀ ದೊಡ್ಡ ಗುಂಪಿನಲ್ಲಿ ಕಳೆಯುವ ಎಳೆಯ ಮಕ್ಕಳಲ್ಲಿ ಹಲವರಿಗೆ ಇದು ಮಧ್ಯಾಹ್ನದ ವೇಳೆಗೆ ಏರುವುದನ್ನು ಜೊಲ್ಲಿನ ಪರೀಕ್ಷೆಯಿಂದ ಕಂಡುಹಿಡಿದಿದ್ದಾರೆ.

ಗೋದಲಿಯಿಂದ ಕೂಸಿನ ಮನೆಗೆ

ಶಿಶುಪಾಲನಾ ಕೇಂದ್ರಕ್ಕೆ ಯುರೋಪಿನಲ್ಲಿ ಬಂದ ಹೆಸರು ಕ್ರೆಷ್. 1844ರಲ್ಲಿ ಫಿರ್ಮಾ ಮಾರ್ಬೊ ಎಂಬುವರು ಪ್ಯಾರಿಸಿನಲ್ಲಿ ಬಡ ಕೂಲಿಹೆಂಗಸರ ಶಿಶುಗಳಿಗಾಗಿ ಮೊದಲ ಕ್ರೆಷನ್ನು ತೆರೆದರು. ಆ ಫ್ರೆಂಚ್ ಶಬ್ದದ ಮೂಲಾರ್ಥ ಗೋದಲಿ, ಎಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. ಅಮೃತಮಹಲಿನ ಊರಿನವರಿಗೆ ಈ ಶಬ್ದ ಅಪರಿಚಿತವೆನಿಸದು. ಕ್ರೆಷ್ ಇಲ್ಲದ ಕಡೆ ಏನಾಗುತ್ತಿತ್ತೆಂಬುದಕ್ಕೆ ಬೊಂಬಾಯಿಯೇ ಸಾಕ್ಷಿ: 1920ರ ದಶಕದಲ್ಲಿ ಅಲ್ಲಿಯ ಗಿರಣಿಗಳಿಗೆ ಹೋಗುತ್ತಿದ್ದ ತಾಯಂದಿರು ಕೂಸು ಸಂಜೆಯವರೆಗೆ ಮಲಗಿರಲೆಂದು ಅಫೀಮಿನ ಗುಳಿಗೆಯನ್ನು ನುಂಗಿಸುವುದು ಸಾಮಾನ್ಯವಾಗಿತ್ತು.

ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆ ಕಾಯಿದೆಯೂ 1951ರ ಪ್ಲಾಂಟೇಷನ್ ಕಾರ್ಮಿಕ ಕಾಯಿದೆಯೂ ಇಷ್ಟು ಮಂದಿ ಸ್ತ್ರೀಕಾರ್ಮಿಕರಿದ್ದರೆ ಶಿಶುಗಳಿಗೆ ಕೋಣೆಯಿರಬೇಕೆಂದು ವಿಧಿಸಿದುವು; ಚಿಕ್ಕಮಗಳೂರು ಜಿಲ್ಲೆಯ ದೊಡ್ಡ ಕಾಫಿ ತೋಟಗಳು ಈ ಎರಡನೆಯ ಕಾಯಿದೆಗೆ ಒಳಪಟ್ಟಿದ್ದವು. ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿ 50 ಮಂದಿ ನೌಕರರಿರುವ ಸಂಸ್ಥೆಯಲ್ಲಿ ಕ್ರೆಷ್ ಇರಬೇಕೆಂದೂ, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದೆಂದೂ ಹೇಳಿತು; 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಈ ನಿಯಮ ಉಳಿದುಕೊಂಡಿದೆ. ಆದರೆ ಈರುಳ್ಳಿ ಹೊಲದಲ್ಲಿ ಐವತ್ತು ಮಂದಿ ನೌಕರರೆಲ್ಲಿ? ಇಂದು ಒಬ್ಬರ ಹೊಲ, ನಾಳೆ ಇನ್ನೊಬ್ಬರದು. ಕಾಯಿದೆಯ ಬಲೆಯಲ್ಲಿ ಈ ತಾಯಂದಿರು ಸಿಕ್ಕುವುದೇ ಇಲ್ಲ. 1975ರ ಅಕ್ಟೋಬರ್ 2ರಂದು ಆರಂಭವಾಗಿ ನಮ್ಮ ರಾಜ್ಯದಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ ಕಾಲಿಟ್ಟ ಅಂಗನವಾಡಿಯ ಯೋಜನೆ ಮುಖ್ಯವಾಗಿ ಮೂರು ವರ್ಷ ತುಂಬಿದವರನ್ನು ಕೂರಿಸಿಕೊಳ್ಳುತ್ತದೆ. ಅದಕ್ಕಿಂತ ಎಳೆಯರಿಗೆ ಆಹಾರದ ಪೊಟ್ಟಣ ಮನೆಗೆ ಬರುತ್ತದೆಯೇ ಹೊರತು ಹಗಲು ನೋಡಿಕೊಳ್ಳುವವರು ಬರುವುದಿಲ್ಲ.

ಈ ತೆರವನ್ನು ತುಂಬಲೆಂದು ಕರ್ನಾಟಕ ಸರ್ಕಾರ 2023ರ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಸಾರಿತು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಶಿಶುಗಳನ್ನು ಮೊದಲಾಗಿ ಗಮನದಲ್ಲಿಟ್ಟುಕೊಂಡ ಯೋಜನೆಯಿದು. ಕೂಸು ನೋಡಿಕೊಳ್ಳುವವರನ್ನು ಊರಿನ ಹೆಂಗಸರಿಂದಲೇ ಆರಿಸಿ ತರಬೇತಿ ಕೊಟ್ಟದ್ದು ಮೆಚ್ಚತಕ್ಕ ಕ್ರಮ. ಕೂಸಿನ ಮನೆಮಾತು, ಉಣಿಸುವ ರೀತಿ, ಜೋಗುಳ ಎಲ್ಲವೂ ಅವರಿಗೆ ಗೊತ್ತಿರುತ್ತವೆ. ಆದರೆ ಒಂದು ಮನೆಗೆ ವರ್ಷಕ್ಕೆ ಇಷ್ಟೇ ದಿನವೆಂಬ ಮಿತಿಯುಳ್ಳ ಕೂಲಿಯ ಹಣದಿಂದ ಅವರಿಗೆ ಸಂಬಳ ಕೊಟ್ಟರೆ ಅವರು ಸರದಿಯ ಮೇಲೆ ಬಂದು ಹೋಗಬೇಕಾಗುತ್ತದೆ. ಕೂಸಿನ ದೃಷ್ಟಿಯಿಂದ ನೋಡಿದರೆ ಕಟ್ಟಡ, ಆಟಿಕೆ, ಗೋಡೆಯ ಚಿತ್ರ ಎಲ್ಲಕ್ಕಿಂತ ದೊಡ್ಡ ಕೊರತೆ ಇದು. ಮೂರು ತಿಂಗಳಿಗೊಮ್ಮೆ ಮುಖ ಬದಲಾದರೆ ಬಂಧ ಬೆಳೆಯುವುದು ಹೇಗೆ?

ಕೇಂದ್ರವಿಲ್ಲದ ಊರಿನಲ್ಲಿ ಅದರ ಬೆಲೆಯನ್ನು ತೆರುವವರು ಯಾರೆಂಬುದನ್ನು ಹೈಸ್ಕೂಲಿನ ಹಾಜರಿ ಪುಸ್ತಕ ತಿಳಿಸುತ್ತದೆ. ಸುಗ್ಗಿಯ ವಾರಗಳಲ್ಲಿ ಬಾರದ ಹುಡುಗಿಯರಲ್ಲಿ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು ಮನೆಯಲ್ಲಿರುವವರು ಎಷ್ಟು ಮಂದಿಯೆಂದು ಈ ಲೇಖನವನ್ನು ಓದುವ ವಿದ್ಯಾರ್ಥಿಗಳೇ ತಮ್ಮ ತರಗತಿಯಲ್ಲಿ ಎಣಿಸಿ ನೋಡಬಹುದು. ಅಕ್ಕನ ಮಮತೆಗೆ ಕೊರತೆಯಿಲ್ಲ; ಆದರೆ ಮಗುವಿನ ಮೇಲೆ ಎಡೆಬಿಡದೆ ಕಣ್ಣಿಡುವ ಹೊಣೆ ಹನ್ನೆರಡರ ಹುಡುಗಿಗೆ ಹೊರಲಾರದಷ್ಟು ದೊಡ್ಡದು. ಅಂಬೆಗಾಲಿಡುವ, ಆಗತಾನೆ ನಡೆಯುವ ಮಗುವಿಗೆ ನೀರೇ ದೊಡ್ಡ ಶತ್ರು. ಕೆರೆ, ಕಾಲುವೆ, ಈಗ ಹೊಲಹೊಲಕ್ಕೂ ತೋಡಿರುವ ಕೃಷಿಹೊಂಡ ಇವೆಲ್ಲ ಹತ್ತಿರದಲ್ಲೇ ಇವೆ. ಬಾಂಗ್ಲಾದೇಶದಲ್ಲಿ ತಾಯಂದಿರು ಕೆಲಸದಲ್ಲಿರುವ ಬೆಳಗಿನ 9ರಿಂದ ಮಧ್ಯಾಹ್ನ 1 ಗಂಟೆಯವರೆಗೆ ಹಳ್ಳಿಯ ಮಕ್ಕಳನ್ನು ಒಂದೆಡೆ ಕೂಡಿಸಿಕೊಳ್ಳುವ ‘ಆಂಚಲ್’ ಎಂಬ ಕೇಂದ್ರಗಳನ್ನು ತೆರೆದಾಗ ಅಲ್ಲಿಗೆ ಬರುವ ಮಕ್ಕಳು ಮುಳುಗಿ ಸಾಯುವ ಸಂಭವ ಸುಮಾರು ಐದರಲ್ಲಿ ನಾಲ್ಕು ಪಾಲು ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಎಳೆಯ ಮಕ್ಕಳ ಹಗಲು ಪಾಲನೆಯನ್ನು ಮುಳುಗುಸಾವಿನ ತಡೆಯ ಕ್ರಮವೆಂದೇ ಶಿಫಾರಸು ಮಾಡಿತು. ಬದುವಿನ ಜೋಲಿಯಲ್ಲಿ ಈ ಅಪಾಯವಿಲ್ಲದಿದ್ದರೂ ಈರುಳ್ಳಿಗೆ ಸಿಂಪಡಿಸುವ ಔಷಧಿಯ ಗಾಳಿ ಉಂಟು; ದೇಹದ ತೂಕಕ್ಕೆ ಹೋಲಿಸಿದರೆ ಕೂಸು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತದೆ.

ನೋಡಿ ಆರಿಸುವುದು

ಕೇಂದ್ರವನ್ನಾಗಲಿ ಮನೆಗೆ ಬರುವ ಆಯಾಳನ್ನಾಗಲಿ ಆರಿಸುವವರು ಒಂದು ಗಂಟೆ ಸುಮ್ಮನೆ ಕುಳಿತು ನೋಡುವುದು ಮೇಲು. ಕೂಸು ಅತ್ತಾಗ ಎಷ್ಟು ಹೊತ್ತಿಗೆ ಕೈ ಬಂತು, ಎತ್ತಿಕೊಂಡವರು ಅದರ ಹೆಸರು ಹಿಡಿದು ಮಾತನಾಡಿಸಿದರೇ, ಕಳೆದ ವರ್ಷ ಇದ್ದವರೇ ಈಗಲೂ ಇದ್ದಾರೆಯೇ, ಬಟ್ಟೆ ಬದಲಿಸಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆದರೇ, ಮಲಗಿಸುವಾಗ ಬೆನ್ನ ಮೇಲೆ ಮಲಗಿಸುವರೇ ಎಂಬುದನ್ನು ಗಮನಿಸಬೇಕು. ಹಗಲೆಲ್ಲ ಎಲ್ಲ ಕೂಸುಗಳೂ ನಿದ್ರಿಸುತ್ತಿದ್ದರೆ ಸಂದೇಹಪಡತಕ್ಕದ್ದೇ. ಗುಂಪಿಗೆ ಹೊಸದಾಗಿ ಸೇರಿದ ಕೂಸಿಗೆ ನೆಗಡಿ ಭೇದಿಗಳು ಮೊದಲ ವರ್ಷ ಹೆಚ್ಚಾಗಿ ಬರುವುದುಂಟು. 6, 10, 14 ವಾರಗಳ ಮತ್ತು 9 ತಿಂಗಳ ಚುಚ್ಚುಮದ್ದುಗಳು ತಪ್ಪದಂತೆ ನೋಡಿಕೊಳ್ಳುವುದು ಇದರಿಂದ ಇನ್ನೂ ಅಗತ್ಯ. ಮನೆಯ ಅಜ್ಜಿಯನ್ನೂ ಇದೇ ಕಣ್ಣಿನಿಂದ ನೋಡಬಹುದು: ಸ್ಥಿರತೆಯಲ್ಲಿ ಅವರನ್ನು ಮೀರಿಸುವವರಿಲ್ಲ, ಆದರೆ ಅಂಬೆಗಾಲಿಡುವ ಮಗುವಿನ ಹಿಂದೆ ಓಡುವ ಶಕ್ತಿ ಅವರಿಗೆ ಇದೆಯೇ?

ಆಹಾರದ ವಿಷಯವಾಗಿ ಎರಡು ಮಾತು. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು. ಹಿಂಡಿಟ್ಟ ಹಾಲು 25 ಡಿಗ್ರಿ ಉಷ್ಣತೆಯಲ್ಲಿ ಸುಮಾರು ನಾಲ್ಕು ಗಂಟೆ ಕೆಡದೆ ಉಳಿಯುವುದು. ಬೇಸಿಗೆಯಲ್ಲಿ ಅಷ್ಟು ಹೊತ್ತು ನೆಚ್ಚಬಾರದು. ಆರು ತಿಂಗಳ ಮೇಲೆ ರಾಗಿಯ ಸರಿ ನಮ್ಮಲ್ಲಿ ರೂಢಿ. ಸಾಮಾನ್ಯ ಹಿಟ್ಟಿನ ಸರಿ ಬೆಂದಾಗ ಗಟ್ಟಿಯಾಗುತ್ತದೆ, ತೆಳು ಮಾಡಲು ನೀರು ಸುರಿದರೆ ಸತ್ತ್ವ ಕಡಮೆಯಾಗುತ್ತದೆ; ಕೂಸಿನ ಹೊಟ್ಟೆ ಹಿಡಿಸುವುದು ಸುಮಾರು 200 ಮಿಲಿಲೀಟರ್ ಮಾತ್ರ. ರಾಗಿಯನ್ನು ಮೊಳಕೆ ಕಟ್ಟಿಸಿದರೆ ಅದರಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸರಿಯನ್ನು ತೆಳುವಾಗಿಸುವುದರಿಂದ ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು 1980ರ ದಶಕದಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಶಿಶುಗಳ ಆಹಾರವನ್ನು ರೂಪಿಸಿದ್ದು ಈ ತತ್ತ್ವದ ಮೇಲೆಯೇ. ಕೂಸಿನ ಪಾಲನೆ ಬೇರೆಯವರ ಕೈಗೆ ಹೋಗುವಾಗ ಈ ಹಿಟ್ಟಿನ ಡಬ್ಬಿಯನ್ನು ಜೊತೆಗೆ ಕೊಡುವುದು ಸುಲಭ.

ಕೊನೆಯದಾಗಿ, ಬಿಟ್ಟು ಬರುವ ಕ್ರಮ. ಏಳೆಂಟು ತಿಂಗಳಿನಿಂದ ಕೂಸು ಅಪರಿಚಿತರನ್ನು ಕಂಡು ಹೆದರತೊಡಗುತ್ತದೆ. ಒಂದೇ ದಿನದಲ್ಲಿ ಕೈಬಿಡಿಸಿ ಓಡಿಬರುವುದಕ್ಕೆ ಇದು ತೀರ ಕೆಟ್ಟ ಕಾಲ. ಬರ್ಲಿನ್ ನಗರದಲ್ಲಿ ರೂಪುಗೊಂಡ ಪದ್ಧತಿಯಂತೆ ಮೊದಲ ಮೂರು ದಿನ ತಾಯಿಯಾಗಲಿ ತಂದೆಯಾಗಲಿ ಕೂಸಿನ ಜೊತೆಯಲ್ಲಿ ಸ್ವಲ್ಪ ಹೊತ್ತು ಅಲ್ಲಿ ಕುಳಿತಿದ್ದು ಕರೆದುಕೊಂಡು ಹೋಗುವರು. ನಾಲ್ಕನೆಯ ದಿನ ಕೆಲವು ನಿಮಿಷ ಮಾತ್ರ ಹೊರಗೆ ಹೋಗಿ ನೋಡುವರು. ಕೂಸು ಒಪ್ಪಿದಂತೆ ಈ ಅಗಲಿಕೆಯನ್ನು ದಿನದಿನಕ್ಕೆ ಹೆಚ್ಚಿಸುವರು. ಕೂಲಿ ಮಾಡುವವರಿಗೆ ಒಂದು ವಾರದ ಸಂಬಳವನ್ನು ಬಿಡುವುದು ಕಷ್ಟ. ಆದ್ದರಿಂದ ಕಳೆಯ ಕೆಲಸ ಹತ್ತುವುದಕ್ಕೆ ಮೊದಲೇ, ಬಿತ್ತನೆಗೂ ಕಳೆಗೂ ನಡುವೆ ಸಿಕ್ಕುವ ಬಿಡುವಿನಲ್ಲಿ, ಇದನ್ನು ಮುಗಿಸಿಕೊಳ್ಳಬೇಕು. ತಾಯಿ ಹೊರಟಾಗ ಕೂಸು ಅಳುವುದು ನಿಂತಿತೇ ಎಂಬುದು ಇಲ್ಲಿ ಪರೀಕ್ಷೆಯಲ್ಲ. ಅತ್ತ ಕೂಸು ಆಯಾಳ ಹೆಗಲ ಮೇಲೆ ಸಮಾಧಾನಗೊಂಡು ಮತ್ತೆ ಆಟಕ್ಕೆ ಇಳಿದರೆ ಆ ದಿನದಿಂದ ಇಡೀ ಹಗಲು ಬಿಡಬಹುದು.